ದಾನಿಗಳಿಗೆ ನಮ್ಮ ಶಾಲೆಯ ಕಥೆ ಹೇಳುವುದು ಹೇಗೆ?

ಕನ್ನಡ ಮಾಧ್ಯಮ ಶಾಲೆಗಳಿಗೆ ನೆರವು ಕೋರಿ ನಾವು ಬರೆಯುವ ಪತ್ರಗಳು ಬಹುತೇಕ ಒಂದೇ ಧಾಟಿಯಲ್ಲಿರುತ್ತವೆ: 'ಶಾಲೆಯಲ್ಲಿ ಸೌಲಭ್ಯಗಳ ಕೊರತೆ ಇದೆ, ಉದಾರವಾಗಿ ನೆರವಾಗಬೇಕಾಗಿ ವಿನಂತಿ.' ಮಾತು ಸುಳ್ಳಲ್ಲ. ಆದರೆ ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ಅದನ್ನು ಓದುವವರಿಗೆ ಶಾಲೆಯೂ ಮಗುವೂ ಕಣ್ಣಿಗೆ ಕಟ್ಟುವುದಿಲ್ಲ.

ಕಥೆ ಹೇಳಿ ಕೊಡುಗೆ ಪಡೆಯುವುದು ನಮಗೆ ಹೊಸದಲ್ಲ. ಹರಿಕಥೆಯಲ್ಲಿ ಮಂಗಳಾರತಿ ತಟ್ಟೆ ಸಭೆಯ ನಡುವೆ ಬರುವುದು ಕಥೆ ಮನಸ್ಸಿಗೆ ಇಳಿದ ಮೇಲೆಯೇ. ಗಡಿನಾಡಾದ ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಮಂದಿಯನ್ನು ಜನ ಇಂದಿಗೂ 'ಸಪ್ತರ್ಷಿಗಳು' ಎಂದೇ ನೆನೆಯುತ್ತಾರೆ. ಕಟ್ಟಡಗಳ ಲೆಕ್ಕಕ್ಕಿಂತ ಆ ಏಳು ಜನರ ತ್ಯಾಗದ ಕಥೆಯೇ ನೆನಪಿನಲ್ಲಿ ಉಳಿದಿದೆ.

ನಮ್ಮ ಕಥೆಯಲ್ಲಿ ಮೊದಲು ಉತ್ತರಿಸಬೇಕಾದ ಪ್ರಶ್ನೆ, 'ಆಂಧ್ರದಲ್ಲಿ ಕನ್ನಡ ಶಾಲೆ ಏಕೆ?' ಎಂಬುದು. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿದವು. ಗಡಿ ಸರಿಯಿತು, ಮನೆಮಾತು ಸರಿಯಲಿಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯ ಬೋಧನೆಗೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಇಷ್ಟನ್ನು ಪತ್ರದ ಆರಂಭದಲ್ಲಿಯೇ ತಿಳಿಸಿದರೆ, ನಾವು ಕೇಳುತ್ತಿರುವುದು ಭಿಕ್ಷೆಯಲ್ಲ, ಒಂದು ಹಕ್ಕಿನ ರಕ್ಷಣೆಗೆ ಜೊತೆ ಎಂಬುದು ಸ್ಪಷ್ಟವಾಗುತ್ತದೆ.

ಬಳಿಕ ಒಂದೇ ಒಂದು ಸಂಗತಿಯನ್ನು ಹೇಳಬೇಕು. ನಮ್ಮ ಭಾಗದ ಅನೇಕ ಕುಟುಂಬಗಳು ಮಳೆ ಕೈಕೊಟ್ಟಾಗ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಗುಳೆ ಹೋಗುತ್ತವೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ತೆಲುಗು ಸೀಮೆಯ ಹೊಲದ ಬಳಿ ಕನ್ನಡ ಶಾಲೆ ಎಲ್ಲಿಂದ ಬರಬೇಕು? ಮರಳಿದ ಮಗು ಓದುವುದನ್ನೇ ಮರೆತಿರುತ್ತದೆ. 'ಶೇಕಡಾ ಇಷ್ಟು ಗೈರುಹಾಜರಿ' ಎನ್ನುವುದಕ್ಕಿಂತ, ಅಜ್ಜಿಯೊಡನೆ ಊರಿನಲ್ಲಿಯೇ ಉಳಿಯಬಲ್ಲ ಒಂದು ಮಗುವಿಗೆ ಸಂಜೆಯ ಪಾಠ ಮತ್ತು ಊಟಕ್ಕೆ ತಿಂಗಳಿಗೆ ಎಷ್ಟು ಬೇಕು, ಎಷ್ಟು ತಿಂಗಳು ಬೇಕು ಎಂದು ಬರೆದರೆ ದಾನಿಗೆ ತನ್ನ ಪಾಲು ಏನೆಂಬುದು ಕಾಣುತ್ತದೆ.

ಆದರೆ ಕಥೆಗೆ ಮೇರೆ ಇದೆ. ಇಲ್ಲದ ಕಷ್ಟವನ್ನು ಸೇರಿಸಬಾರದು. ಹೆತ್ತವರ ಒಪ್ಪಿಗೆಯಿಲ್ಲದೆ ಮಗುವಿನ ಹೆಸರು, ಭಾವಚಿತ್ರ ಬಳಸಬಾರದು. ಅಳುವ ಮುಖವನ್ನು ತೋರಿಸಿ ಹಣ ತಂದರೆ, ಅದೇ ಮಗು ನಾಳೆ ಅದನ್ನು ಕಂಡು ತಲೆ ತಗ್ಗಿಸಬೇಕಾಗುತ್ತದೆ. ಬಡತನದ ಜೊತೆಗೆ ಮಗುವಿನ ಜಾಣ್ಮೆ, ತಾಯಿಯ ಹಟ, ಶಿಕ್ಷಕರ ಶ್ರಮ ಇವೂ ಕಥೆಯ ಪಾಲೇ.

ಲೆಕ್ಕದ ಮಾತೂ ಇದೆ. ದಾನಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗಬೇಕಾದರೆ ಹಣ ಪಡೆಯುವ ಟ್ರಸ್ಟಿಗೆ ಅದಕ್ಕಾಗಿ ನೋಂದಣಿ ಇರಬೇಕು. ವಿದೇಶಿ ಪೌರತ್ವ ಪಡೆದ ಹಳೆಯ ವಿದ್ಯಾರ್ಥಿಗಳಿಂದ ಹಣ ಪಡೆಯಲು ವಿದೇಶಿ ವಂತಿಗೆ ಕಾಯ್ದೆಯ ಅನುಮತಿ ಬೇಕು. ಭಾರತೀಯ ಪೌರರಾಗಿಯೇ ಹೊರದೇಶದಲ್ಲಿ ದುಡಿಯುತ್ತಿರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣಕ್ಕೆ ಅದು ಅನ್ವಯಿಸುವುದಿಲ್ಲ.

ಹಣ ಬಂದೊಡನೆ ಕಥೆ ಮುಗಿಯದು. ಏನು ಕೊಂಡೆವು, ಏನು ಉಳಿಯಿತು, ಮಗು ಈಗ ಏನು ಓದುತ್ತಿದೆ ಎಂದು ಮೂರು ತಿಂಗಳಲ್ಲಿ ಒಂದು ಪುಟ ಬರೆದು ಕಳುಹಿಸಬೇಕು. ಮಗುವೇ ಕನ್ನಡದಲ್ಲಿ ಎರಡು ಸಾಲು ಬರೆದರೆ ಅದಕ್ಕಿಂತ ದೊಡ್ಡ ರಸೀದಿ ಇಲ್ಲ. ಪೋಷಕರೇ, ಮುಂದಿನ ಶಾಲಾ ಸಭೆಯಲ್ಲಿ ನಿಮ್ಮ ಮನೆಯ ಅನುಭವವನ್ನು ಹೇಳಿರಿ; ಬರೆದುಕೊಳ್ಳಲು ನಾವು ಸಿದ್ಧರಿದ್ದೇವೆ.