ಮಲೆನಾಡಿನ ಸೂರಿಗೆ ಬಂದ ಸುಂಕ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಒಂಟಿಮನೆಗಳಲ್ಲಿ ಮಳೆಗಾಲದ ಗಾಳಿಗೆ ಮರ ಬಿದ್ದು ಕರೆಂಟ್ ಹೋದಾಗ ದೀಪ ಉರಿಸುವ, ಕಾಡಂಚಿನ ತೋಟಕ್ಕೆ ಹಂದಿ ನುಗ್ಗದಂತೆ ಐಬೆಕ್ಸ್ ಎಂಬ ವಿದ್ಯುತ್ ಬೇಲಿಯನ್ನು ನಡೆಸುವ ಸೌರಫಲಕದ ಬೆಲೆಯನ್ನು ತಯಾರಿಕೆಯ ವೆಚ್ಚದಷ್ಟೇ ದೆಹಲಿಯ ಸುಂಕದ ಅಧಿಸೂಚನೆಗಳೂ ನಿರ್ಧರಿಸುತ್ತ ಬಂದಿವೆ.

ಸೌರೋಪಕರಣಗಳ ಉದ್ಯಮ ಕರ್ನಾಟಕಕ್ಕೆ ಹೊಸದಲ್ಲ; ಟಾಟಾ ಬಿಪಿ ಸೋಲಾರ್ 1989ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು, ಹಳ್ಳಿಮನೆಗಳಿಗೆ ಸೌರದೀಪ ಒದಗಿಸುವ ಸೆಲ್ಕೋ 1995ರಲ್ಲಿ ಹುಟ್ಟಿತು. ಮುಂದೆ ಸೌರಕೋಶ ಮತ್ತು ಫಲಕಗಳಿಗೆ ಆಮದು ಸುಂಕವೇ ಇಲ್ಲದಿದ್ದ ಕಾಲದಲ್ಲಿ ಚೀನಾದ ಅಗ್ಗದ ಸರಕು ಮಾರುಕಟ್ಟೆಯ ಬಹುಪಾಲನ್ನು ಆವರಿಸಿದ್ದರಿಂದ, ದೇಶೀಯ ತಯಾರಕರ ದೂರನ್ನು ಪರಿಗಣಿಸಿದ ಕೇಂದ್ರ ಸರ್ಕಾರ 2018ರ ಜುಲೈ 30ರಂದು ಶೇ 25ರ ರಕ್ಷಣಾ ಸುಂಕವನ್ನು, ಎಂದರೆ ಆಮದಿನ ಹಠಾತ್ ಏರಿಕೆಯಿಂದ ಸ್ಥಳೀಯ ಉದ್ಯಮವನ್ನು ಕಾಪಾಡಲು ಸೀಮಿತ ಅವಧಿಗೆ ಹಾಕುವ ತೆರಿಗೆಯನ್ನು, ವಿಧಿಸಿತು. ಹಂತಹಂತವಾಗಿ ಇಳಿದ ಈ ಸುಂಕ 2021ರ ಜುಲೈ ಕೊನೆಗೆ ಮುಗಿಯಿತು.

ಅನಂತರದ ಎಂಟು ತಿಂಗಳು ಗಮನಿಸತಕ್ಕವು. ಬಂದರಿಗೆ ಬರುವಾಗ 100 ರೂಪಾಯಿ ಬೆಲೆಯ ಫಲಕವೊಂದನ್ನು ಲೆಕ್ಕಕ್ಕೆ ಹಿಡಿದರೆ, 2021ರ ಸೆಪ್ಟೆಂಬರ್‌ನಲ್ಲಿ ಶೇ 5ರ ಜಿಎಸ್‌ಟಿ ಸೇರಿ ಅದು 105 ರೂಪಾಯಿ ಆಗುತ್ತಿತ್ತು. ಅದೇ ತಿಂಗಳ 17ರಂದು ಜಿಎಸ್‌ಟಿ ಮಂಡಳಿ ಕೈಗೊಂಡ ನಿರ್ಧಾರ ಎರಡೇ ವಾರದಲ್ಲಿ, ಅಕ್ಟೋಬರ್ 1ರಂದು, ಜಾರಿಗೆ ಬಂದು ತೆರಿಗೆ ಶೇ 12ಕ್ಕೆ ಏರಿದಾಗ 112 ಆಯಿತು. 2022ರ ಏಪ್ರಿಲ್ 1ರಿಂದ ಶೇ 40ರ ಮೂಲ ಸೀಮಾಸುಂಕವೂ ಆ ಸುಂಕದ ಮೇಲೆ ಶೇ 10ರ ಸಮಾಜ ಕಲ್ಯಾಣ ಮೇಲ್ತೆರಿಗೆಯೂ ಸೇರಿ 144 ಆಗಿ, ಅದರ ಮೇಲೆ ಜಿಎಸ್‌ಟಿ ಕೂಡಿ 161 ರೂಪಾಯಿ ದಾಟಿತು. ಬ್ಯಾಂಕ್ ಸಾಲ ಮಂಜೂರಾಗಲಿ, ಅಡಿಕೆ ಮಾರಾಟವಾಗಲಿ ಎಂದು ಗ್ರಾಹಕ ಕಾಯುವಷ್ಟರಲ್ಲಿ, ಅಂಗಡಿಯಾತ ಕೊಟ್ಟ ಕೊಟೇಶನ್ ಹಳತಾಗುವುದು ಇಂತಹ ಕಾಲದಲ್ಲಿಯೇ. ದೊಡ್ಡ ದಾಸ್ತಾನು ಇಡಲಾರದ ಸಣ್ಣ ಊರಿನ ಮಾರಾಟಗಾರ ವ್ಯತ್ಯಾಸವನ್ನು ತಾನೇ ಭರಿಸಬೇಕು, ಇಲ್ಲವೇ ಗ್ರಾಹಕನ ಮುಂದೆ ಮಾತು ತಪ್ಪಬೇಕು. ಆದರೂ ಜಿಎಸ್‌ಟಿ ಏರಿಕೆಯಂತಲ್ಲದೆ, ಶೇ 40ರ ಸುಂಕವನ್ನು ಸರ್ಕಾರ ವರ್ಷದ ಮುಂಚೆ, 2021ರ ಮಾರ್ಚ್‌ನಲ್ಲಿಯೇ ಪ್ರಕಟಿಸಿತ್ತೆಂಬುದನ್ನು ಮೆಚ್ಚಲೇಬೇಕು.

2023ರಲ್ಲಿ ಫಲಕಗಳ ಜಾಗತಿಕ ಬೆಲೆ ತೀವ್ರವಾಗಿ ಕುಸಿದದ್ದರಿಂದ ಹೊರೆ ಅಷ್ಟಾಗಿ ಕಾಣಲಿಲ್ಲ. 2025ರ ಫೆಬ್ರುವರಿಯಲ್ಲಿ ಮೂಲ ಸುಂಕ ಶೇ 20ಕ್ಕೆ ಇಳಿದರೂ ಅಷ್ಟೇ ಪ್ರಮಾಣದ ಕೃಷಿ ಮೂಲಸೌಕರ್ಯ ಸೆಸ್ ಸೇರಿದ್ದರಿಂದ ಒಟ್ಟು ಹೊರೆ ಶೇ 44ರಿಂದ 40ಕ್ಕಷ್ಟೇ ತಗ್ಗಿತು. ಸೆಪ್ಟೆಂಬರ್ 22ರಂದು ಜಿಎಸ್‌ಟಿ ಮತ್ತೆ ಶೇ 5ಕ್ಕೆ ಬಂದದ್ದು ನಿಜವಾದ ಸಮಾಧಾನ.

ದೇಶದಲ್ಲಿ ಕಾರ್ಖಾನೆಗಳು ಬೆಳೆಯಬೇಕೆಂಬ ಉದ್ದೇಶ ಸರಿಯಾದದ್ದೇ, ಅವು ಬೆಳೆದಿವೆ ಕೂಡ. ಆದರೆ 2024ರ ಪಿಎಂ ಸೂರ್ಯ ಘರ್ ಯೋಜನೆ 3 ಕಿಲೋವ್ಯಾಟ್‌ಗೆ ನೀಡುವ 78,000 ರೂಪಾಯಿ ಸಹಾಯಧನ ಮೆಸ್ಕಾಂನ ವಿದ್ಯುತ್ ಜಾಲಕ್ಕೆ ಜೋಡಿಸಿದ, ದೇಶೀಯ ಕೋಶಗಳಿಂದಲೇ ಮಾಡಿದ ಫಲಕಗಳಿಗೆ ಮೀಸಲು. ಬ್ಯಾಟರಿಯಿಲ್ಲದ ಇಂತಹ ವ್ಯವಸ್ಥೆ, ತಂತಿ ದುರಸ್ತಿ ಮಾಡುವವರ ಸುರಕ್ಷತೆಗಾಗಿ, ಕರೆಂಟ್ ಹೋದೊಡನೆ ತಾನೂ ನಿಂತುಬಿಡುತ್ತದೆ. ಮಳೆಗಾಲದ ಮೋಡದಲ್ಲಿ ಅಷ್ಟೇ ವಿದ್ಯುತ್ತಿಗೆ ಹೆಚ್ಚು ಫಲಕಗಳು ಬೇಕಾಗುವ ಮಲೆನಾಡಿನಲ್ಲಿ, ವಿದ್ಯುತ್ ಕಂಬವೇ ತಲುಪದ ಮನೆಗೆ ಸುಂಕದ ಪಾಲು ದೊಡ್ಡದು, ಈ ಸಹಾಯಧನದ ಪಾಲು ಸೊನ್ನೆ. ಬ್ಯಾಟರಿ ಸಹಿತವಾದ ಸ್ವತಂತ್ರ ಘಟಕಗಳಿಗೂ ಈ ಯೋಜನೆಯನ್ನು ವಿಸ್ತರಿಸುವುದು, ಸುಂಕವಾಗಲಿ ಜಿಎಸ್‌ಟಿಯಾಗಲಿ ಪ್ರತಿ ಏರಿಕೆಯನ್ನೂ ವರ್ಷದ ಮುಂಚೆ ತಿಳಿಸುವುದು ಕೇಂದ್ರ ಸರ್ಕಾರ ತಡಮಾಡದೆ ಮಾಡಬೇಕಾದ ಕೆಲಸ.