ಉಳಿದ ಆಮ್ಲದ ಲೆಕ್ಕ

ಪ್ರಮಾಣ ಗೊತ್ತಿರುವ ಆಮ್ಲದಿಂದ ಪ್ರತ್ಯಾಮ್ಲವನ್ನೋ, ಪ್ರಮಾಣ ಗೊತ್ತಿರುವ ಪ್ರತ್ಯಾಮ್ಲದಿಂದ ಆಮ್ಲವನ್ನೋ ಅಳೆಯುವ ಅನುಮಾಪನವು, ಅಂದರೆ ಟೈಟ್ರೇಷನ್, ಎರಡೂ ಪದಾರ್ಥಗಳು ನೀರಿನಲ್ಲಿ ಕರಗಿದ್ದು ಅವುಗಳ ನಡುವಿನ ಕ್ರಿಯೆ ತಕ್ಷಣ ಮುಗಿಯುವಾಗ ಸಲೀಸಾಗಿ ನಡೆಯುತ್ತದೆ. ಮೊಟ್ಟೆಯ ಚಿಪ್ಪು, ಸುಣ್ಣಕಲ್ಲುಗಳಂಥ ವಸ್ತುಗಳು ನೀರಿನಲ್ಲಿ ಕರಗುವುದಿಲ್ಲ; ಆಮ್ಲದಲ್ಲಿ ಕರಗುತ್ತವೆಯಾದರೂ ಅದಕ್ಕೆ ಸಮಯ ಬೇಕು. ಅವುಗಳ ಪುಡಿಯ ಮೇಲೆ ಬ್ಯೂರೆಟ್ಟಿನಿಂದ ಆಮ್ಲವನ್ನು ಹನಿಹನಿಯಾಗಿ ಬಿಟ್ಟರೆ, ಕಣಗಳು ತಳದಲ್ಲಿ ಕರಗದೆ ಉಳಿದಿರುವಾಗಲೇ ಸೂಚಕದ ಬಣ್ಣ ಬದಲಾಗಿ, ತುಸು ಹೊತ್ತಿನಲ್ಲಿ ಮತ್ತೆ ಮೊದಲಿನಂತಾಗುವುದರಿಂದ ಕ್ರಿಯೆ ಎಲ್ಲಿ ಮುಗಿಯಿತೆಂದು ಹೇಳಲಾಗದು. ಈ ತೊಡಕನ್ನು ದಾಟಲು, ಬೇಕಾದುದಕ್ಕಿಂತ ಹೆಚ್ಚು ಆಮ್ಲವನ್ನು ಅಳತೆ ಮಾಡಿ ಒಮ್ಮೆಗೇ ಹಾಕಿ, ವಸ್ತುವೆಲ್ಲ ಕರಗಿದ ಮೇಲೆ ಉಳಿದ ಆಮ್ಲವನ್ನು ಪ್ರತ್ಯಾಮ್ಲದಿಂದ ಅಳೆಯುವ ಕ್ರಮವೇ ಹಿಮ್ಮುಖ ಅನುಮಾಪನ.

ಶಾಲಾ ಪ್ರಯೋಗಾಲಯಗಳಲ್ಲಿ ಇದಕ್ಕೆ ಬಹುವಾಗಿ ಬಳಕೆಯಾಗುವುದು ಕೋಳಿಮೊಟ್ಟೆಯ ಚಿಪ್ಪು. ಅದರ ಸುಮಾರು 95 ಶೇಕಡಾ ಭಾಗ ಕ್ಯಾಲ್ಸಿಯಂ ಕಾರ್ಬೋನೇಟ್. ಒಳಗಿನ ತೆಳುಪೊರೆಯನ್ನು ಬಿಡಿಸಿ, ಒಣಗಿಸಿ, ನುಣ್ಣಗೆ ಅರೆದ 0.5 ಗ್ರಾಂ ಪುಡಿಗೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲವನ್ನು, ಎಂದರೆ ಲೀಟರಿಗೆ ಒಂದು ಮೋಲ್ ಆಮ್ಲವಿರುವ ದ್ರಾವಣವನ್ನು, 25 ಮಿ.ಲೀ. ಹಾಕಿದರೆ ಇಂಗಾಲದ ಡೈಆಕ್ಸೈಡ್ ನೊರೆಯುಕ್ಕಿ ಹೊರಬೀಳುತ್ತದೆ. ನೊರೆ ಅಡಗಿದ ಮೇಲೆ ಹದವಾಗಿ ಕಾಯಿಸಿ, ಆರಿಸಿ, ನೀರು ಬೆರೆಸಿ 250 ಮಿ.ಲೀ.ಗೆ ಏರಿಸಿದ ದ್ರಾವಣದಿಂದ ಪಿಪೆಟ್ಟಿನಲ್ಲಿ 25 ಮಿ.ಲೀ. ತೆಗೆದು, ಆಮ್ಲದಲ್ಲಿ ಬಣ್ಣವಿಲ್ಲದ, ಪ್ರತ್ಯಾಮ್ಲದಲ್ಲಿ ಗುಲಾಬಿಯಾಗುವ ಫಿನಾಲ್ಫ್ತಲೀನ್ ಎಂಬ ಸೂಚಕವನ್ನು ಬೆರೆಸಿ, 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ತಿಳಿಗುಲಾಬಿ ಬಣ್ಣ ಅರ್ಧ ನಿಮಿಷ ನಿಲ್ಲುವವರೆಗೆ ಬಿಡಲಾಗುತ್ತದೆ.

ಅದಕ್ಕೆ 15.5 ಮಿ.ಲೀ. ಹಿಡಿಯಿತೆನ್ನಿ. ಆಗ ಆ ಭಾಗದಲ್ಲಿ 0.00155 ಮೋಲ್, ಇಡೀ ದ್ರಾವಣದಲ್ಲಿ 0.0155 ಮೋಲ್ ಆಮ್ಲ ಉಳಿದಿತ್ತೆಂದಾಯಿತು, ಹಾಕಿದ್ದು 0.025 ಆದ್ದರಿಂದ ಚಿಪ್ಪು ಬಳಸಿಕೊಂಡದ್ದು 0.0095 ಮೋಲ್. ಒಂದು ಮೋಲ್ ಕಾರ್ಬೋನೇಟಿಗೆ ಎರಡು ಮೋಲ್ ಆಮ್ಲ ಬೇಕಿರುವುದರಿಂದ ಅದರ ಅರ್ಧವಾದ 0.00475 ಮೋಲ್, ಅಂದರೆ 0.475 ಗ್ರಾಂ ಕಾರ್ಬೋನೇಟ್, ಪುಡಿಯ 95 ಶೇಕಡಾ.

ಗುಣಾಕಾರ ಭಾಗಾಕಾರಗಳು ಸುಲಭ. ವಿದ್ಯಾರ್ಥಿಗಳು ಎಡವುವುದು ತಪ್ಪಿನ ದಿಕ್ಕನ್ನು ಊಹಿಸುವಲ್ಲಿ. ಇಲ್ಲಿ ಅಳೆಯುವುದು ಉಳಿಕೆಯನ್ನಾದ್ದರಿಂದ, ಬ್ಯೂರೆಟ್ಟಿನ ಓದು ಹೆಚ್ಚಾದಷ್ಟೂ ಉತ್ತರ ಕಡಿಮೆಯಾಗುತ್ತದೆ; ಮೇಲಿನ ಲೆಕ್ಕದಲ್ಲಿ 0.1 ಮಿ.ಲೀ., ಬ್ಯೂರೆಟ್ಟಿನ ಒಂದೇ ಒಂದು ಗೆರೆ, ಹೆಚ್ಚು ಓದಿದರೆ 95 ಶೇಕಡಾ 94 ಆಗುತ್ತದೆ. ಕಾಯಿಸದೆ ಬಿಟ್ಟು ಇಂಗಾಲದ ಡೈಆಕ್ಸೈಡ್ ದ್ರಾವಣದಲ್ಲಿ ಉಳಿದರೆ ಅದೂ ಹೈಡ್ರಾಕ್ಸೈಡನ್ನು ಬಳಸಿಕೊಳ್ಳುವುದರಿಂದ ಉತ್ತರ ಇಳಿಯುತ್ತದೆ. ಗಾಳಿಯಿಂದ ತೇವವನ್ನೂ ಅದೇ ಅನಿಲವನ್ನೂ ಹೀರಿ ದುರ್ಬಲವಾದ ಹೈಡ್ರಾಕ್ಸೈಡನ್ನು ಹೆಸರುಚೀಟಿಯನ್ನೇ ನಂಬಿ ಬಳಸಿದರೂ ಆಗುವುದು ಇದೇ. ಆಕ್ಸಾಲಿಕ್ ಆಮ್ಲದೊಡನೆ ಅದರ ಸಾರತೆಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಅದಕ್ಕಾಗಿ. ನೊರೆಯುಕ್ಕುವಾಗ ಸಿಡಿದುಹೋದ ಆಮ್ಲದ ಹನಿಗಳು ಮಾತ್ರ ಇದಕ್ಕೆ ತದ್ವಿರುದ್ಧ: ಚೆಲ್ಲಿಹೋದ ಆಮ್ಲವನ್ನು ಈ ಲೆಕ್ಕ ಚಿಪ್ಪೇ ತಿಂದುಹಾಕಿತೆಂದು ಬರೆದುಕೊಳ್ಳುವುದರಿಂದ, ಅಜಾಗರೂಕ ಪ್ರಯೋಗವೊಂದು ಮೊಟ್ಟೆಯ ಚಿಪ್ಪನ್ನು 100 ಶೇಕಡಾಕ್ಕಿಂತ ಶುದ್ಧವೆಂದು ತೋರಿಸಲೂ ಬಹುದು.

ಚಿಪ್ಪಿನಲ್ಲಿ ಅಲ್ಪವಾಗಿರುವ ಮೆಗ್ನೀಸಿಯಂ ಕಾರ್ಬೋನೇಟನ್ನು ಕ್ಯಾಲ್ಸಿಯಂನದರಿಂದ ಬೇರ್ಪಡಿಸುವ ಶಕ್ತಿಯೂ ಈ ವಿಧಾನಕ್ಕಿಲ್ಲ. ಆದರೆ ಮಲೆನಾಡು ಮತ್ತು ಕರಾವಳಿಯ ಆಮ್ಲೀಯ ಮಣ್ಣಿಗೆ ಹಾಕುವ ಕೃಷಿಸುಣ್ಣವನ್ನು ಪರೀಕ್ಷಿಸುವಾಗ ಈ ಕೊರತೆ ಕೊರತೆಯೇ ಅಲ್ಲ, ಏಕೆಂದರೆ ಅಲ್ಲಿ ತಿಳಿಯಬೇಕಾದದ್ದು ಆಮ್ಲವನ್ನು ತಟಸ್ಥಗೊಳಿಸುವ ಒಟ್ಟು ಶಕ್ತಿ. ಅದನ್ನು ಶುದ್ಧ ಕ್ಯಾಲ್ಸಿಯಂ ಕಾರ್ಬೋನೇಟಿಗೆ 100 ಎಂದಿಟ್ಟು ಹೋಲಿಸುತ್ತಾರೆ. ಸುಮಾರು 84 ಗ್ರಾಂ ಮೆಗ್ನೀಸಿಯಂ ಕಾರ್ಬೋನೇಟ್ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟಿನಷ್ಟೇ ಆಮ್ಲವನ್ನು ತಟಸ್ಥಗೊಳಿಸುವುದರಿಂದ, ಎರಡೂ ಸಮಪಾಲಿನ ಮೋಲ್‌ಗಳಲ್ಲಿರುವ ಶುದ್ಧ ಡಾಲೊಮೈಟಿಗೆ ಬರಬೇಕಾದ ಅಂಕಿ ಸುಮಾರು 108.