ಒಂದೇ ತಂತಿ, ಹಲವು ಒಡೆಯರು: ಯುರೋಪಿನ ಶಕ್ತಿ ನಿಯಂತ್ರಕರ ಸಹಕಾರ ಸಂಸ್ಥೆ

ದೀಪ ಉರಿಯುತ್ತಿರುವಾಗ ಅದರ ಮೂಲವನ್ನು ಯಾರೂ ವಿಚಾರಿಸುವದಿಲ್ಲ. ಆರಿದಾಗ ಎಲ್ಲರೂ ವಿಚಾರಿಸುವರು. ನಮ್ಮ ಸೋಲಾಪುರದಲ್ಲಿ ಯಂತ್ರಮಗ್ಗಗಳ ಸಪ್ಪಳ ಒಮ್ಮೆಲೆ ನಿಂತಿತೆಂದರೆ ಓಣಿಯ ಚಿಕ್ಕ ಮಕ್ಕಳೂ "ಕರೆಂಟು ಹೋಯಿತು" ಎಂದು ಕೂಗುವರು. ಆ ಕರೆಂಟು ಎಲ್ಲಿಂದ ಬಂದಿತ್ತು, ಯಾರ ತಪ್ಪಿನಿಂದ ಹೋಯಿತು, ಅದರ ಬೆಲೆಯನ್ನು ಗೊತ್ತುಪಡಿಸಿದವರು ಯಾರು? ಇವಕ್ಕೆ ಉತ್ತರ ಹುಡುಕಹೊರಟರೆ ನಮ್ಮ ಊರನ್ನೂ ರಾಜ್ಯವನ್ನೂ ದಾಟಿ ಬಹು ದೂರ ಹೋಗಬೇಕಾಗುವದು. ಇದೇ ಪ್ರಶ್ನೆಗಳು ಯುರೋಪ ಖಂಡದ ರಾಷ್ಟ್ರಗಳನ್ನು ಕಾಡಿದಾಗ ಅವು ಕೂಡಿ ಒಂದು ಸಂಸ್ಥೆಯನ್ನು ಕಟ್ಟಿಕೊಂಡವು. ಆ ಸಂಸ್ಥೆಯ ಪರಿಚಯವನ್ನು ನಮ್ಮ ವಿದ್ಯಾರ್ಥಿಗಳಿಗೂ ಪಾಲಕರಿಗೂ ಮಾಡಿಕೊಡುವದು ಈ ಲೇಖನದ ಉದ್ದೇಶವಾಗಿದೆ.

ಮೊದಲು ಒಂದು ರಾತ್ರಿಯ ಕಥೆಯನ್ನು ಕೇಳಿರಿ. 2006ನೆಯ ಇಸವಿಯ ನವೆಂಬರ 4, ಶನಿವಾರ. ಜರ್ಮನಿಯ ವಾಯವ್ಯ ಭಾಗದಲ್ಲಿ ಎಮ್ಸ್ ಎಂಬ ನದಿಯುಂಟು. ಅದರ ದಂಡೆಯ ಪಾಪೆನ್‌ಬುರ್ಗ್ ಎಂಬ ಊರಿನಲ್ಲಿ ಹಡಗು ಕಟ್ಟುವ ಕಾರಖಾನೆ ಇದೆ. ಅಲ್ಲಿ ಹೊಸದಾಗಿ ಸಿದ್ಧವಾದ ಒಂದು ಭಾರಿ ಪ್ರಯಾಣಿಕ ಹಡಗು ನದಿಯ ಮಾರ್ಗವಾಗಿ ಸಮುದ್ರವನ್ನು ಸೇರಬೇಕಾಗಿತ್ತು. ನದಿಗೆ ಅಡ್ಡವಾಗಿ 380 ಕಿಲೋವೋಲ್ಟಿನ ವಿದ್ಯುತ್ ತಂತಿಗಳು ಹಾಯ್ದಿದ್ದವು. ದೊಡ್ಡ ಹಡಗು ಅವುಗಳ ಕೆಳಗೆ ಸಾಗುವಾಗ ಅಪಾಯವಾಗಬಾರದೆಂದು ತಂತಿಗಳಲ್ಲಿಯ ವಿದ್ಯುತ್ತನ್ನು ಸ್ವಲ್ಪ ಹೊತ್ತು ನಿಲ್ಲಿಸುವದು ಅಲ್ಲಿಯ ರೂಢಿ. ನಡುರಾತ್ರಿಯಾದ ಮೇಲೆ ಒಂದು ಗಂಟೆಗೆ ಈ ಕೆಲಸ ನಡೆಯಬೇಕೆಂದು ಮೊದಲು ಗೊತ್ತಾಗಿತ್ತು. ಅನಂತರ ಹಡಗಿನವರ ಬೇಡಿಕೆಯ ಮೇರೆಗೆ ಅದನ್ನು ಮೂರು ತಾಸು ಹಿಂದಕ್ಕೆ ತರಲಾಯಿತು. ಈ ಬದಲಾವಣೆಯ ಸುದ್ದಿ ನೆರೆಯ ಪ್ರಸರಣ ಕಂಪನಿಗಳಿಗೆ ತೀರ ತಡವಾಗಿ ಮುಟ್ಟಿತು.

ಆ ತಂತಿಗಳನ್ನು ನಿಲ್ಲಿಸಿದೊಡನೆ ಅವುಗಳ ಹೊರೆ ದಕ್ಷಿಣದ ಬೇರೆ ತಂತಿಗಳ ಮೇಲೆ ಬಿತ್ತು. ಅವುಗಳಲ್ಲಿ ಒಂದು ಮಾರ್ಗದ ಒಂದು ತುದಿ ಒಂದು ಕಂಪನಿಯ ವಶದಲ್ಲಿಯೂ ಇನ್ನೊಂದು ತುದಿ ಮತ್ತೊಂದು ಕಂಪನಿಯ ವಶದಲ್ಲಿಯೂ ಇದ್ದಿತು. ಆ ಮಾರ್ಗ ಎಷ್ಟು ಹೊರೆಯನ್ನು ತಾಳಬಹುದು ಎಂಬ ಸುರಕ್ಷತೆಯ ಮಿತಿಯನ್ನು ಎರಡೂ ಕಡೆಯವರು ಬೇರೆಬೇರೆಯಾಗಿ ಇಟ್ಟುಕೊಂಡಿದ್ದರು. ಅತ್ತಲಿನವರ ಮಿತಿ ಇತ್ತಲಿನವರ ಲಕ್ಷ್ಯದಲ್ಲಿರಲಿಲ್ಲ. ರಾತ್ರಿ 10 ಗಂಟೆ 10 ನಿಮಿಷಕ್ಕೆ ಆ ಮಾರ್ಗ ತಾನಾಗಿಯೇ ಸಂಪರ್ಕವನ್ನು ಕಡಿದುಕೊಂಡಿತು. ಅದರ ಹೊರೆ ಮತ್ತೊಂದರ ಮೇಲೆ, ಮತ್ತೊಂದರದು ಮಗುದೊಂದರ ಮೇಲೆ ಬೀಳುತ್ತ, ಕೆಲವೇ ಸೆಕೆಂಡುಗಳಲ್ಲಿ ಯುರೋಪ ಖಂಡದ ವಿದ್ಯುಜ್ಜಾಲ ಮೂರು ತುಂಡಾಯಿತು. ಜರ್ಮನಿಯ ಹೊಳೆಯಲ್ಲಿ ಹಡಗೊಂದಕ್ಕೆ ದಾರಿ ಬಿಡಹೋಗಿ ಫ್ರಾನ್ಸ್, ಇಟಲಿ, ಸ್ಪೇನ್ ದೇಶಗಳಲ್ಲಿ ದೀಪಗಳು ಆರಿದವು. ಕತ್ತಲೆಗೀಡಾದ ಮನೆಗಳು ಒಂದೂವರೆ ಕೋಟಿಗೂ ಮಿಕ್ಕಿದ್ದವು. ತಂತ್ರಜ್ಞರ ಜಾಣ್ಮೆಯಿಂದ 38 ನಿಮಿಷಗಳಲ್ಲಿ ಮೂರು ತುಂಡುಗಳು ಪುನಃ ಒಂದಾದವು. ಎರಡು ತಾಸಿನೊಳಗಾಗಿ ಎಲ್ಲೆಡೆಯಲ್ಲಿ ಬೆಳಕು ಬಂದಿತು.

ಇಷ್ಟು ದೂರದ ದೇಶಗಳಿಗೆ ಇಷ್ಟು ಬೇಗ ಕೇಡು ಹಬ್ಬಲು ಕಾರಣವೇನು? ಪೋರ್ತುಗಾಲದಿಂದ ಪೋಲಂಡದ ವರೆಗಿನ ವಿದ್ಯುಜ್ಜಾಲ ಒಂದೇ ಯಂತ್ರದಂತೆ ನಡೆಯುತ್ತದೆ. ಎಲ್ಲ ಉತ್ಪಾದನ ಕೇಂದ್ರಗಳ ಚಕ್ರಗಳೂ ಸೆಕೆಂಡಿಗೆ 50 ಆವರ್ತನಗಳ ಒಂದೇ ತಾಳಕ್ಕೆ ತಿರುಗಬೇಕು. ಬಳಕೆ ಹೆಚ್ಚಾಗಿ ಉತ್ಪಾದನೆ ಕಡಿಮೆಯಾದರೆ ತಾಳ ಇಳಿಯುವದು. ಉತ್ಪಾದನೆ ಹೆಚ್ಚಾದರೆ ಏರುವದು. ಧಾನ್ಯದಂತೆ ವಿದ್ಯುತ್ತನ್ನು ಹಗೇವಿನಲ್ಲಿ ಹೇರಳವಾಗಿ ಕೂಡಿಡುವದು ಇಂದಿಗೂ ಸುಲಭವಾಗಿಲ್ಲವಾದ್ದರಿಂದ, ಬೇಡಿಕೆ ಹುಟ್ಟಿದ ಕ್ಷಣದಲ್ಲಿಯೇ ಅದನ್ನು ಪೂರೈಸಬೇಕು. ಇನ್ನೂ ಒಂದು ಮಾತುಂಟು. ಹೊಲಕ್ಕೆ ಬಿಟ್ಟ ನೀರು ತಗ್ಗಿದ್ದ ಎಲ್ಲ ಕಡೆಗೂ ಹರಿಯುವಂತೆ ವಿದ್ಯುತ್ತು ತನಗೆ ತೆರೆದ ಎಲ್ಲ ದಾರಿಗಳಲ್ಲಿಯೂ ಹಂಚಿಕೊಂಡು ಹರಿಯುವದು. ಮಾರಿದವನೂ ಕೊಂಡವನೂ ಬರೆದುಕೊಂಡ ಕರಾರುಪತ್ರ ಅದಕ್ಕೆ ತಿಳಿಯದು; ದೇಶದ ಗಡಿಯಂತೂ ತಿಳಿಯದು.

ಗಡಿ ತಿಳಿದಿರುವದು ಮನುಷ್ಯರಿಗೆ. ಯುರೋಪದ ಪ್ರತಿಯೊಂದು ರಾಷ್ಟ್ರದಲ್ಲಿಯೂ ವಿದ್ಯುತ್ತು ಮತ್ತು ಇಂಧನ ಅನಿಲದ ವ್ಯವಹಾರವನ್ನು ನೋಡಿಕೊಳ್ಳಲು ಒಂದೊಂದು ನಿಯಂತ್ರಣ ಮಂಡಲಿ ಇದೆ. ಕಂಪನಿಗಳು ತಂತಿಗಳ ಬಳಕೆಗಾಗಿ ನ್ಯಾಯವಾದ ದರವನ್ನಷ್ಟೇ ತೆಗೆದುಕೊಳ್ಳುವಂತೆ, ಹೊಸ ವ್ಯಾಪಾರಿಗಳಿಗೆ ಅಡ್ಡಿ ಮಾಡದಂತೆ ನೋಡುವದು ಅದರ ಕೆಲಸ. ಆದರೆ ಅದರ ಅಧಿಕಾರ ತನ್ನ ದೇಶದ ಗಡಿಗೆ ಮುಗಿಯುವದು. ಗಡಿ ದಾಟುವ ತಂತಿಗೆ ಒಡೆಯರು ಇಬ್ಬರು, ನಿಯಂತ್ರಕರೂ ಇಬ್ಬರು. ಇಬ್ಬರಿಗೂ ಒಮ್ಮತವಾಗದಿದ್ದರೆ ತೀರ್ಪು ಹೇಳುವವರು ಯಾರೂ ಇರಲಿಲ್ಲ. 2003ರಿಂದ ಈ ನಿಯಂತ್ರಕರ ಒಂದು ಸಲಹಾಕೂಟ ಇದ್ದಿತಾದರೂ ಅದು ಸಲಹೆಯನ್ನಷ್ಟೇ ಕೊಡಬಲ್ಲದಾಗಿತ್ತು. 2006ರ ಕತ್ತಲೆಯೂ, 2009ರ ಜನವರಿಯಲ್ಲಿ ರಶಿಯ ಮತ್ತು ಯುಕ್ರೇನ್‌ಗಳ ವ್ಯಾಜ್ಯದ ಮೂಲಕ ಎರಡು ವಾರಗಳ ಕಾಲ ಅನಿಲ ನಿಂತು ಬಲ್ಗೇರಿಯ, ಸ್ಲೊವಾಕಿಯಗಳು ಚಳಿಯಲ್ಲಿ ಪಟ್ಟ ಪಾಡೂ ಇದು ಸಾಲದೆಂಬುದನ್ನು ಕಾಣಿಸಿಕೊಟ್ಟವು.

ಹೀಗಿರಲಾಗಿ 2009ರಲ್ಲಿ ಯುರೋಪ ಒಕ್ಕೂಟವು ಶಕ್ತಿ ಪೇಟೆಯ ಬಗ್ಗೆ ಮಾಡಿದ ಮೂರನೆಯ ಕಾನೂನು ಸಮೂಹದಲ್ಲಿ ಶಕ್ತಿ ನಿಯಂತ್ರಕರ ಸಹಕಾರ ಸಂಸ್ಥೆಯ ಸ್ಥಾಪನೆಯೂ ಸೇರಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 'ಏಸರ್' ಎಂದು ಕರೆಯುವರು. 2011ರ ಮಾರ್ಚ 3ರಂದು ಅದು ಕೆಲಸಕ್ಕೆ ತೊಡಗಿತು. ಅದರ ಕಚೇರಿ ಪ್ಯಾರಿಸ್, ಬರ್ಲಿನ್‌ಗಳಂಥ ಮಹಾನಗರದಲ್ಲಿಲ್ಲ. ಇಪ್ಪತ್ತು ಲಕ್ಷದಷ್ಟು ಜನರ ಸ್ಲೊವೇನಿಯ ಎಂಬ ಪುಟ್ಟ ದೇಶದ ರಾಜಧಾನಿಯಾದ ಲ್ಯುಬ್ಲಿಯಾನದಲ್ಲಿದೆ. ಸಂಸ್ಥೆಯ ಹೃದಯವೆಂದರೆ ನಿಯಂತ್ರಕರ ಮಂಡಲಿ. 27 ರಾಷ್ಟ್ರಗಳ ನಿಯಂತ್ರಕರೂ ಅದರಲ್ಲಿ ಕುಳಿತುಕೊಳ್ಳುವರು. ಪ್ರತಿಯೊಬ್ಬರಿಗೂ ಒಂದೊಂದೇ ಮತ. ಎಂಟು ಕೋಟಿಗೂ ಮಿಕ್ಕ ಜನರ ಜರ್ಮನಿಗೂ, ಐದಾರು ಲಕ್ಷ ಜನರ ಮಾಲ್ಟಾ ನಡುಗಡ್ಡೆಗೂ ಈ ವಿಷಯದಲ್ಲಿ ಭೇದವಿಲ್ಲ. ಸಂಸ್ಥೆಯ ನಿರ್ದೇಶಕರು ಮುಖ್ಯ ನಿರ್ಣಯಗಳಿಗೆ ಈ ಮಂಡಲಿಯ ಒಪ್ಪಿಗೆಯನ್ನು ಪಡೆಯಬೇಕು. ನಿರ್ಣಯದಿಂದ ಅನ್ಯಾಯವಾಯಿತೆಂದು ತೋರಿದವರಿಗೆ ಮೇಲ್ಮನವಿ ಮಂಡಲಿಯೂ, ಅದರಾಚೆಗೆ ಒಕ್ಕೂಟದ ನ್ಯಾಯಾಲಯವೂ ಇವೆ. ಬೇಲಿಯೇ ಎದ್ದು ಹೊಲ ಮೇಯಬಾರದೆಂದು ಈ ಏರ್ಪಾಡು.

ಸಂಸ್ಥೆಯ ಮೊದಲನೆಯ ಕೆಲಸ ಎಲ್ಲರಿಗೂ ಸಮಾನವಾದ ನಿಯಮಗಳನ್ನು ರೂಪಿಸಲು ನೆರವಾಗುವದು. ತಂತಿಯ ಎರಡು ತುದಿಗಳಲ್ಲಿ ಎರಡು ಲೆಕ್ಕ ಇರಕೂಡದು ಎಂಬುದೇ ಇದರ ಸಾರ. ಎರಡನೆಯ ಕೆಲಸ ಪಂಚರದು. ನೆರೆಯ ನಿಯಂತ್ರಕರು ಗೊತ್ತಾದ ಅವಧಿಯಲ್ಲಿ, ಸಾಮಾನ್ಯವಾಗಿ ಆರು ತಿಂಗಳುಗಳಲ್ಲಿ, ತಮ್ಮತಮ್ಮಲ್ಲಿ ಒಪ್ಪಂದಕ್ಕೆ ಬರದಿದ್ದರೆ ವಿಷಯ ಸಂಸ್ಥೆಗೆ ಬರುವದು. ಅದರ ನಿರ್ಣಯ ಅವರನ್ನು ಕಟ್ಟುವದು. ನಮ್ಮ ಕಡೆಯ ಪಾಲಿನ ಬಾವಿಯನ್ನು ನೆನೆಯಿರಿ. ಅಣ್ಣತಮ್ಮಂದಿರ ಹೊಲಗಳು ಬೇರೆ, ಬೆಳೆಗಳು ಬೇರೆ. ನೀರಿನ ಪಾಳಿಯ ಬಗ್ಗೆ ಮಾತ್ರ ಎಲ್ಲರೂ ಕೂಡಿ ಕುಳಿತುಕೊಳ್ಳಬೇಕು. ಮಾತು ಮುರಿದರೆ ಊರ ಹಿರಿಯರು ಪಾಳಿಯನ್ನು ಹೇಳುವರು. ಯಾವ ಹೊಲದಲ್ಲಿ ಏನು ಬಿತ್ತಬೇಕೆಂಬುದನ್ನು ಅವರು ಹೇಳಹೋಗುವದಿಲ್ಲ. ಅದರಂತೆಯೇ ಕಲ್ಲಿದ್ದಲು ಬೇಕೋ ಅಣುಶಕ್ತಿ ಬೇಕೋ ಗಾಳಿಯಂತ್ರ ಬೇಕೋ ಎಂಬುದನ್ನು ಆಯಾ ರಾಷ್ಟ್ರವೇ ಗೊತ್ತುಮಾಡಿಕೊಳ್ಳುವದು.

ಇಂಥ ವ್ಯಾಜ್ಯದ ಒಂದು ಉದಾಹರಣೆ. ಜರ್ಮನಿ ಮತ್ತು ಆಸ್ಟ್ರಿಯಗಳಲ್ಲಿ ಬಹು ಕಾಲ ಸಗಟು ವಿದ್ಯುತ್ತಿಗೆ ಒಂದೇ ಪೇಟೆ, ಒಂದೇ ಬೆಲೆ ಇದ್ದಿತು. ಉತ್ತರ ಜರ್ಮನಿಯಲ್ಲಿ ಗಾಳಿ ಬೀಸಿದಾಗ ಅಲ್ಲಿಯ ಅಗ್ಗದ ವಿದ್ಯುತ್ತನ್ನು ಆಸ್ಟ್ರಿಯದವರು ಬೇಕಾದಷ್ಟು ಕೊಳ್ಳುತ್ತಿದ್ದರು. ಕಾಗದದ ಮೇಲೆ ಅದು ನೇರವಾಗಿ ದಕ್ಷಿಣಕ್ಕೆ ಸಾಗುತ್ತಿತ್ತು. ವಾಸ್ತವವಾಗಿ ಅದರಲ್ಲಿ ದೊಡ್ಡದೊಂದು ಭಾಗ ಪೋಲಂಡ, ಚೆಕ್ ದೇಶಗಳ ತಂತಿಗಳ ಮೇಲೆ ಸುತ್ತುಬಳಸಿ ಹರಿಯುತ್ತಿತ್ತು. ಮಾರಿದವರೂ ಅಲ್ಲದ, ಕೊಂಡವರೂ ಅಲ್ಲದ ಈ ಎರಡು ದೇಶಗಳ ತಂತಿಗಳಿಗೆ ಪರರ ಹೊರೆ ಬಿದ್ದಿತು. ಅವರ ದೂರು ಸಂಸ್ಥೆಯ ಮುಂದೆ ಬಂದಿತು. 2015ರಲ್ಲಿ ಸಂಸ್ಥೆಯು ಜರ್ಮನಿ, ಆಸ್ಟ್ರಿಯಗಳ ನಡುವಿನ ವ್ಯಾಪಾರಕ್ಕೂ ಮಿತಿ ಬೇಕೆಂದು ಅಭಿಪ್ರಾಯ ಕೊಟ್ಟಿತು. ಆಸ್ಟ್ರಿಯಕ್ಕೆ ಇದು ರುಚಿಸಲಿಲ್ಲ. ವಾದ ಬಹಳ ನಡೆಯಿತು. ಕೊನೆಗೆ 2017ರಲ್ಲಿ ಆ ಎರಡು ದೇಶಗಳ ನಿಯಂತ್ರಕರು 4,900 ಮೆಗಾವಾಟಿನ ಪ್ರಮಾಣಕ್ಕೆ ಒಪ್ಪಿದರು. 2018ರ ಅಕ್ಟೋಬರ 1ರಿಂದ ಒಂದಾಗಿದ್ದ ಪೇಟೆ ಎರಡಾಯಿತು. ಸಹಕಾರವೆಂದರೆ ಯಾವಾಗಲೂ ಗೋಡೆ ಕೆಡವುವದೇ ಎಂದು ತಿಳಿಯಬಾರದು. ಮೂರನೆಯವನಿಗೆ ಹಾನಿಯಾಗದಂತೆ ಒಮ್ಮೊಮ್ಮೆ ಗೆರೆ ಎಳೆಯುವದೂ ಸಹಕಾರವೇ.

ಮೂರನೆಯ ಕೆಲಸ ಪೇಟೆಯ ಕಾವಲು. ಯುರೋಪದಲ್ಲಿ ಪ್ರತಿದಿನವೂ ನಡುಮಧ್ಯಾಹ್ನ 12 ಗಂಟೆಗೆ ಮರುದಿನದ ವಿದ್ಯುತ್ತಿನ ಸವಾಲು ನಡೆಯುವದು. ಅಗ್ಗವಿದ್ದ ಕಡೆಯಿಂದ ತುಟ್ಟಿಯಿದ್ದ ಕಡೆಗೆ, ತಂತಿ ತುಂಬುವ ವರೆಗೆ ವಿದ್ಯುತ್ತು ಸಾಗುವಂತೆ ಲೆಕ್ಕ ಹಾಕಲಾಗುವದು. ಇಂಥಲ್ಲಿ ಮೋಸಕ್ಕೆ ಆಸ್ಪದವುಂಟು. ಉಳ್ಳಾಗಡ್ಡಿಯ ಪೇಟೆಯಲ್ಲಿ ಒಬ್ಬ ವ್ಯಾಪಾರಿ ನೂರಾರು ಚೀಲಗಳನ್ನು ಗೋದಾಮಿನಲ್ಲಿ ಅಡಗಿಸಿ, ಮಾಲು ಇಲ್ಲವೆಂದು ಸುದ್ದಿ ಹಬ್ಬಿಸಿ ಬೆಲೆ ಏರಿಸಿದರೆ ಏನಾಗುವದೆಂಬುದನ್ನು ನಮ್ಮ ಪಾಲಕರು ಬಲ್ಲರು. ವಿದ್ಯುತ್ ಕೇಂದ್ರದ ಒಡೆಯನೂ ಹಾಗೆಯೇ ಯಂತ್ರವನ್ನು ಸುಮ್ಮನೆ ನಿಲ್ಲಿಸಿ ಕೊರತೆಯನ್ನು ಹುಟ್ಟಿಸಬಹುದು. ನಾಳೆ ತನ್ನ ಕೇಂದ್ರ ನಿಲ್ಲುವದೆಂಬ ಗುಟ್ಟನ್ನು ತಾನೊಬ್ಬನೇ ಬಲ್ಲವನಾಗಿ ಇಂದೇ ಕೊಂಡಿಟ್ಟು ಲಾಭ ಹೊಡೆಯಬಹುದು. 2011ರ ಒಂದು ಕಾನೂನು ಇವೆರಡನ್ನೂ ನಿಷೇಧಿಸಿತು. 2015ರ ಅಕ್ಟೋಬರ 7ರಿಂದ ಸಗಟು ವ್ಯಾಪಾರಿಗಳು ತಮ್ಮ ವ್ಯವಹಾರಗಳ ವರದಿಯನ್ನು ಸಂಸ್ಥೆಗೆ ಒಪ್ಪಿಸತಕ್ಕದ್ದಾಗಿದೆ. ಸಂಶಯ ಬಂದರೆ ಸಂಸ್ಥೆಯು ಆಯಾ ದೇಶದ ನಿಯಂತ್ರಕರಿಗೆ ತಿಳಿಸುವದು. 2024ರ ತಿದ್ದುಪಡಿಯಿಂದ ಹಲವು ದೇಶಗಳಿಗೆ ಸಂಬಂಧಿಸಿದ ಪ್ರಕರಣಗಳನ್ನು ತಾನೇ ವಿಚಾರಣೆ ಮಾಡುವ ಅಧಿಕಾರವೂ ಅದಕ್ಕೆ ಬಂದಿದೆ. ಮೋಸಕ್ಕೆ ದಂಡ ವಿಧಿಸುವ ಅಧಿಕಾರ ಮಾತ್ರ ಈಗಲೂ ಆಯಾ ರಾಷ್ಟ್ರದ ಕೈಯಲ್ಲಿಯೇ ಉಳಿದಿದೆ.

ಈ ಏರ್ಪಾಡಿಗೆ ಕಠಿಣ ಪರೀಕ್ಷೆ ಒದಗಿದ್ದು 2022ರಲ್ಲಿ. ರಶಿಯವು ಯುಕ್ರೇನಿನ ಮೇಲೆ ದಂಡೆತ್ತಿ ಹೋದ ಬಳಿಕ ಅನಿಲದ ಪೂರೈಕೆ ಕುಗ್ಗಿತು. ಆಗಸ್ಟಿನಲ್ಲಿ ಸಾವಿರ ಯೂನಿಟ್ಟಿಗೆ ಸಮನಾದ ಅನಿಲದ ಬೆಲೆ 300 ಯುರೋಗಳನ್ನು ಮೀರಿತು. ಎಷ್ಟೋ ಮನೆಗಳಲ್ಲಿ ಚಳಿ ಕಾಯಿಸಿಕೊಳ್ಳುವ ಖರ್ಚೇ ದೊಡ್ಡ ಚಿಂತೆಯಾಯಿತು. ಪ್ರತಿಯೊಂದು ದೇಶವೂ ತನ್ನ ಬಾಗಿಲನ್ನು ಹಾಕಿಕೊಂಡರೆ ಒಳ್ಳೆಯದಲ್ಲವೇ ಎಂಬ ಮಾತು ಎದ್ದಿತು. ಆ ವರ್ಷದ ಏಪ್ರಿಲಿನಲ್ಲಿ ಸಂಸ್ಥೆಯು ಪ್ರಕಟಿಸಿದ ವರದಿಯ ಮೇರೆಗೆ, ಗಡಿ ದಾಟಿದ ವ್ಯಾಪಾರದಿಂದ 2021ರಲ್ಲಿ ಆದ ಪ್ರಯೋಜನ ಸುಮಾರು 3,400 ಕೋಟಿ ಯುರೋ. ಹಡಗುಗಳಲ್ಲಿ ಬರುವ ದ್ರವರೂಪದ ಅನಿಲಕ್ಕೆ ನಂಬತಕ್ಕ ಬೆಲೆ ಯಾವುದೆಂಬುದನ್ನು 2023ರ ಜನವರಿ 13ರಿಂದ ಪ್ರತಿದಿನವೂ ಪ್ರಕಟಿಸುವ ಹೊಣೆಯೂ ಅದರ ಪಾಲಿಗೆ ಬಂದಿತು.

ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. ಜೊತೆಗೂಡಿದವರು ಲಾಭದಂತೆ ಕಷ್ಟವನ್ನೂ ಹಂಚಿಕೊಳ್ಳಬೇಕಾಗುವದು. 2024ರ ಡಿಸೆಂಬರಿನಲ್ಲಿ ಜರ್ಮನಿಯಲ್ಲಿ ಗಾಳಿ ಬೀಳಲು, ದಕ್ಷಿಣ ಸ್ವೀಡನ್ನಿನಲ್ಲಿಯೂ ಬೆಲೆ ಏರಿ ಅಲ್ಲಿಯ ಜನರು ಗೊಣಗಿದರು. ನೆರೆಯವನ ಹಸಿವಿನಿಂದ ನಮ್ಮ ಜೋಳವೇಕೆ ತುಟ್ಟಿಯಾಗಬೇಕೆಂಬ ಪ್ರಶ್ನೆ ಸಹಜವಾದದ್ದೇ. 2025ರ ಏಪ್ರಿಲ 28ರಂದು ಸ್ಪೇನ್, ಪೋರ್ತುಗಾಲಗಳು ಹಗಲು ಹೊತ್ತಿನಲ್ಲಿಯೇ ವಿದ್ಯುತ್ತನ್ನು ಕಳೆದುಕೊಂಡವು. ಆ ದುರ್ಘಟನೆಯ ವಿಚಾರಣೆಗೆ ಕುಳಿತ ತಜ್ಞರ ಸಮಿತಿಯಲ್ಲಿ ಏಸರ್ ಸಂಸ್ಥೆಯವರೂ ಇದ್ದರು. ತಪ್ಪು ನಡೆಯಲಾರದೆಂಬ ಭರವಸೆಯನ್ನು ಯಾವ ಸಂಸ್ಥೆಯೂ ಕೊಡಲಾರದು. ತಪ್ಪನ್ನು ಎಲ್ಲರೂ ಕೂಡಿ ನೋಡಿ ಪಾಠ ಕಲಿಯುವ ಸ್ಥಳವೊಂದು ಇದ್ದಿತೆಂಬುದೇ ದೊಡ್ಡ ಮಾತು.

ವಿದ್ಯಾರ್ಥಿಗಳೇ, ಇದು ದೂರದ ದೇಶದ ವಾರ್ತೆಯೆಂದು ಬಿಡಬೇಡಿರಿ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿಯೂ ವಿದ್ಯುಜ್ಜಾಲ ಕುಸಿದು, ಎರಡನೆಯ ದಿನ ಪೂರ್ವ, ಈಶಾನ್ಯ ಭಾಗಗಳನ್ನೂ ಒಳಗೊಂಡು ಸುಮಾರು 60 ಕೋಟಿ ಜನರ ಪ್ರದೇಶ ಕತ್ತಲಾಯಿತು. ಆಗ ದಕ್ಷಿಣ ಭಾರತದ ಜಾಲ ಉಳಿದವುಗಳೊಂದಿಗೆ ಒಂದೇ ತಾಳಕ್ಕೆ ಕೂಡಿರಲಿಲ್ಲ. ಅದನ್ನು ಕೂಡಿಸಿದ 765 ಕಿಲೋವೋಲ್ಟಿನ ಮಾರ್ಗ ಯಾವುದೆಂದು ಬಲ್ಲಿರಾ? ರಾಯಚೂರಿನಿಂದ ನಮ್ಮ ಸೋಲಾಪುರಕ್ಕೆ ಬಂದ ಮಾರ್ಗವೇ ಅದು. 2013ರ ಡಿಸೆಂಬರ 31ರಂದು ಅದು ಜೋಡಣೆಯಾಗಿ ಇಡಿಯ ಭಾರತ ಒಂದೇ ಜಾಲವಾಯಿತು. ಕರ್ನಾಟಕಕ್ಕೂ ಮಹಾರಾಷ್ಟ್ರಕ್ಕೂ ಬೇರೆಬೇರೆ ನಿಯಂತ್ರಣ ಆಯೋಗಗಳಿವೆ. ಮೇಲೆ ಕೇಂದ್ರದ ಆಯೋಗವಿದೆ. 2003ರ ವಿದ್ಯುಚ್ಛಕ್ತಿ ಕಾನೂನಿನ ಮೇರೆಗೆ ಎಲ್ಲ ನಿಯಂತ್ರಕರೂ ಕೂಡಿ ವಿಚಾರ ಮಾಡುವ ವೇದಿಕೆಯೂ ಉಂಟು.

ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತ ಬೆಳೆದ ನಮಗೆ ಎರಡು ತುದಿಗಳ ಭಾಷೆ ತಿಳಿದಿರುವದು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಎಮ್ಸ್ ನದಿಯ ಆ ರಾತ್ರಿ ತಂತಿಗಳೇನೂ ಹರಿದುಬಿದ್ದಿರಲಿಲ್ಲ. ಒಂದು ತುದಿಯವರ ಮಿತಿಯನ್ನು ಇನ್ನೊಂದು ತುದಿಯವರು ಕೇಳಿ ತಿಳಿದುಕೊಂಡಿರಲಿಲ್ಲ, ಅಷ್ಟೇ. ಮುಂದೆ ನಿಮ್ಮಲ್ಲಿ ಯಾರಾದರೂ ತಂತ್ರಜ್ಞರೋ ಅಧಿಕಾರಿಗಳೋ ಆಗಿ ಇಂಥ ಮಾರ್ಗದ ಒಂದು ತುದಿಯಲ್ಲಿ ಕುಳಿತಾಗ, ಸ್ವಿಚ್ಚಿಗೆ ಕೈಹಾಕುವ ಮೊದಲು ಆಚೆಯ ತುದಿಯವರನ್ನು ಒಮ್ಮೆ ಕೇಳುವದನ್ನು ಮರೆಯದಿರಿ ಎಂಬುದೇ ನಮ್ಮ ಬಿನ್ನಹ.